ಪೊಲೀಸ್ ಇಲಾಖೆ ಮುಚ್ಚಿದ್ರೆ ಆಗ್ತದಾ? ಓದುಗರ ಪ್ರಶ್ನೆ, ವಕೀಲಕ್ಕನ ಉತ್ತರ

ಪ್ರಶ್ನೆ: ವಕೀಲಕ್ಕಾ ನಮಸ್ತೆ. ನಾನು ಡಿಗ್ರಿ ಸೆಕೆಂಡ್ ಇಯರ್. ಮುಂದಿನ ತಿಂಗಳು ಕಾಲೇಜಲ್ಲಿ ಡಿಬೇಟ್ ಉಂಟು, ವಿಷಯ ‘ಒಂದು ನಗರ ತನ್ನ ಪೊಲೀಸ್ ಇಲಾಖೆಯನ್ನು ರದ್ದು ಮಾಡಬಹುದೇ’ ಅಂತ. ನನಗೆ ಸಿಕ್ಕಿದ್ದು ಮಾಡಬಹುದು ಅನ್ನುವ ಸೈಡ್. ಅಮೆರಿಕದ ಮಿನ್ನಿಯಾಪೊಲಿಸ್ ಹಾಗೆ ಮಾಡಿದೆ ಅಂತ ಫ್ರೆಂಡ್ಸ್ ಹೇಳ್ತಾರೆ, ಹೌದಾ? ನಮ್ಮ ಕಾಸರಗೋಡು ಮುನಿಸಿಪಾಲಿಟಿ ಮನಸ್ಸು ಮಾಡಿದ್ರೆ ಆಗ್ತದಾ? ಅಪ್ಪ ಇದೆಲ್ಲ ತಲೆ ಕೆಟ್ಟವರ ಮಾತು ಅಂತಾರೆ.
— ಒಬ್ಬ ವಿದ್ಯಾರ್ಥಿ, ಕುಂಬಳೆ

ಉತ್ತರ: ತಮ್ಮಾ, ಡಿಬೇಟಿಗೆ ಹೋಗುವ ಮೊದಲು ಒಂದು ವಿಷಯ ಸರಿ ಮಾಡಿಕೊಂಡು ಹೋಗು, ಇಲ್ಲದಿದ್ರೆ ಎದುರಿನವರು ಅಲ್ಲೇ ಹಿಡೀತಾರೆ. ಮಿನ್ನಿಯಾಪೊಲಿಸ್ ತನ್ನ ಪೊಲೀಸ್ ಇಲಾಖೆಯನ್ನು ಮುಚ್ಚಲಿಲ್ಲ. ಮುಚ್ಚುತ್ತೇವೆ ಅಂತ ಕೌನ್ಸಿಲಿನವರು ಹೇಳಿದ್ದು ಹೌದು, ಜನರ ಹತ್ರ ವೋಟಿಗೆ ಹಾಕಿದ್ದೂ ಹೌದು, ಆದ್ರೆ ಜನ ಬೇಡ ಅಂದ್ರು.

ನಡೆದದ್ದು ಹೀಗೆ. 2020ರ ಮೇ 25ಕ್ಕೆ ಆ ಊರಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ಜನಾಂಗದವರೊಬ್ಬರು ಅಂಗಡಿಗೆ ಕೊಟ್ಟ 20 ಡಾಲರಿನ ನೋಟು ಖೋಟಾ ಅಂತ ಸಂಶಯ ಬಂದು ಅಂಗಡಿಯಿಂದ ಪೊಲೀಸರಿಗೆ ಫೋನ್ ಹೋಯ್ತು, ಪೊಲೀಸರು ಬಂದು ಬೇಡಿ ಹಾಕಿ ರಸ್ತೆಯಲ್ಲಿ ಕವುಚಿ ಮಲಗಿಸಿದ್ರು, ಡೆರೆಕ್ ಶೋವಿನ್ ಅನ್ನುವ ಪೊಲೀಸ್ 9 ನಿಮಿಷಕ್ಕಿಂತ ಜಾಸ್ತಿ ಹೊತ್ತು ಅವರ ಕುತ್ತಿಗೆಗೆ ಮೊಣಕಾಲು ಊರಿಕೊಂಡೇ ಇದ್ದ, ಉಸಿರಾಡ್ಲಿಕ್ಕೆ ಆಗ್ತಾ ಇಲ್ಲ ಅಂತ ಹೇಳ್ತಾ ಹೇಳ್ತಾ ಆ ಮನುಷ್ಯ ಹೋಗಿಬಿಟ್ರು. ಒಂದು ನೋಟಿಗೆ! ಅದರ ನಂತರ ಪೊಲೀಸರು ಪತ್ರಿಕೆಯವರಿಗೆ ಕೊಟ್ಟ ಮೊದಲ ಹೇಳಿಕೆಯಲ್ಲಿ ಮೊಣಕಾಲಿನ ಸುದ್ದಿಯೇ ಇಲ್ಲ. ಹಿಡಿದವರಿಗೆ ಆರೋಗ್ಯದ ತೊಂದರೆ ಇದ್ದ ಹಾಗೆ ಕಂಡಿತು, ಆಂಬುಲೆನ್ಸ್ ಕರೆಸಿದೆವು, ಆಸ್ಪತ್ರೆಯಲ್ಲಿ ತೀರಿಕೊಂಡ್ರು ಅಂತ ಇತ್ತು. ಅಲ್ಲೇ ನಿಂತಿದ್ದ 17 ವರ್ಷದ ಹುಡುಗಿ ಮೊಬೈಲಲ್ಲಿ ವೀಡಿಯೊ ಮಾಡದಿದ್ರೆ ಆ ಕಾಗದವೇ ಸತ್ಯ ಅಂತ ಉಳೀತಿತ್ತು. ಈ ಕಾಗದದ ವಿಷಯ ನೆನಪಿಟ್ಟುಕೋ, ಕೆಳಗೆ ಇನ್ನೊಬ್ಬರ ಪ್ರಶ್ನೆಯಲ್ಲಿ ನಮ್ಮೂರಿನ ಕಾಗದದ ವಿಷಯ ಬರ್ತದೆ.

ಜೂನ್ 7ಕ್ಕೆ ಅಲ್ಲಿಯ ಒಂದು ಪಾರ್ಕಿನಲ್ಲಿ 13 ಜನ ಕೌನ್ಸಿಲರುಗಳ ಪೈಕಿ 9 ಮಂದಿ ವೇದಿಕೆ ಹತ್ತಿ ಈ ಇಲಾಖೆಯನ್ನು ಬಿಚ್ಚಿಹಾಕ್ತೇವೆ ಅಂತ ಮಾತು ಕೊಟ್ರು. ಆದ್ರೆ ಕೌನ್ಸಿಲಿನ ಬಹುಮತದಿಂದ ಆಗುವ ಕೆಲಸ ಅಲ್ಲ ಅದು. ಆ ನಗರಕ್ಕೆ ಅದರದ್ದೇ ಒಂದು ಚಾರ್ಟರ್ ಉಂಟು, ನಮ್ಮ ಸಂವಿಧಾನ ಇದ್ದ ಹಾಗೆ ಆ ಊರಿಗೆ ಅದು, ಅದರಲ್ಲಿ ಪೊಲೀಸ್ ಇಲಾಖೆ ಇರಲೇಬೇಕು, 1,000 ಜನರಿಗೆ 1.7ರ ಲೆಕ್ಕದಲ್ಲಿ ಪೊಲೀಸರು ಇರಲೇಬೇಕು ಅಂತ ಬರೆದಿತ್ತು. ಚಾರ್ಟರ್ ನೋಡಿಕೊಳ್ಳುವ ಕಮಿಷನ್ ನಮಗೆ ಇನ್ನೂ ಸಮಯ ಬೇಕು ಅಂತ ಹೇಳಿದ್ದರಿಂದ ಆ ವರ್ಷದ ವೋಟಿಗೆ ವಿಷಯ ಬರಲೇ ಇಲ್ಲ. ಕೊನೆಗೆ ಜನರೇ ಸಹಿ ಸಂಗ್ರಹ ಮಾಡಿ 2021ರ ನವೆಂಬರ್ 2ಕ್ಕೆ ವೋಟಿಗೆ ತಂದ್ರು, ಪೊಲೀಸ್ ಇಲಾಖೆ ತೆಗೆದು ಆ ಜಾಗದಲ್ಲಿ ಸಾರ್ವಜನಿಕ ಸುರಕ್ಷತಾ ಇಲಾಖೆ ಅಂತ ಮಾಡುವುದು, ಅಗತ್ಯ ಇದ್ರೆ ಅದರೊಳಗೆ ಪೊಲೀಸರೂ ಇರಬಹುದು ಅಂತ. ನೂರಕ್ಕೆ 56ರಷ್ಟು ಜನ ಬೇಡ ಅಂದ್ರು. ಇದರಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಯಾವುದು ಅಂದ್ರೆ, ಕಪ್ಪು ಜನ ಜಾಸ್ತಿ ಇರುವ ಉತ್ತರ ಭಾಗದ ವಾರ್ಡುಗಳಲ್ಲೂ ಬೇಡ ಅಂತಲೇ ಜಾಸ್ತಿ ವೋಟು ಬಿತ್ತು. ಪೊಲೀಸರ ಪೆಟ್ಟು ತಿಂದವರು ಅವರೇ, ಗುಂಡು ಹಾರುವ ಬೀದಿಯಲ್ಲಿ ಮಕ್ಕಳನ್ನು ಬೆಳೆಸಬೇಕಾದವರೂ ಅವರೇ. ಅವರಿಗೆ ಎರಡೂ ಬೇಕಿತ್ತು, ಪೊಲೀಸ್ ಬರಬೇಕು, ಬಂದವ ಕೊಲ್ಲಬಾರದು. ಇದನ್ನ ಅರ್ಥ ಮಾಡಿಕೊಳ್ಳದೆ ಬರೀ ಪರ ವಿರೋಧ ಮಾತಾಡಿದ್ರೆ ಡಿಬೇಟ್ ಗೆಲ್ಲಬಹುದು, ವಿಷಯ ತಿಳಿಯೋದಿಲ್ಲ.

ನಿನ್ನ ಸೈಡಿಗೆ ಉಪಯೋಗ ಆಗುವ ಊರು ಬೇರೆ ಉಂಟು, ನ್ಯೂಜೆರ್ಸಿಯ ಕ್ಯಾಮ್ಡೆನ್. ಸುಮಾರು 77,000 ಜನರ ಊರು, 2012ರಲ್ಲಿ ಒಂದೇ ವರ್ಷಕ್ಕೆ 67 ಕೊಲೆ. ಮರುವರ್ಷ 2013ರಲ್ಲಿ ನಗರದ ಪೊಲೀಸ್ ಇಲಾಖೆಯನ್ನು ನಿಜವಾಗಿ ಮುಚ್ಚಿದ್ರು, ಎಲ್ಲರನ್ನೂ ಕೆಲಸದಿಂದ ತೆಗೆದ್ರು. ಆಮೇಲೆ? ಕೌಂಟಿ, ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ, ಅದರ ಕೈಕೆಳಗೆ ಹೊಸ ಇಲಾಖೆ ಮಾಡಿ ಹಳಬರಲ್ಲಿ ತುಂಬಾ ಜನರನ್ನು ಪುನಃ ಅರ್ಜಿ ಹಾಕಿಸಿ ತೆಗೊಂಡ್ರು, ಹಳೆಯ ಯೂನಿಯನ್ ಒಪ್ಪಂದ ಹೋಯ್ತು, ಸಂಬಳ ಸೌಲಭ್ಯದ ಖರ್ಚು ಕಡಿಮೆ ಆಯ್ತು, ಪೊಲೀಸರ ಸಂಖ್ಯೆ ಮೊದಲಿಗಿಂತ ಜಾಸ್ತಿಯೇ ಆಯ್ತು. ಸುರುವಿಗೆ ಬಲಪ್ರಯೋಗದ ದೂರುಗಳೂ ಏರಿದವು, ಆಮೇಲೆ ಯಾವಾಗ ಬಲ ಉಪಯೋಗಿಸಬಹುದು ಅನ್ನುವ ನಿಯಮ ಬಿಗಿ ಮಾಡಿದ್ರು, ಕೊಲೆಗಳು ಕೆಲವು ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಬಂದವು. ಹಾಗಾಗಿ ‘ನಗರ ತನ್ನ ಇಲಾಖೆಯನ್ನು ಮುಚ್ಚಬಹುದಾ’ ಅಂದ್ರೆ ಅಮೆರಿಕದಲ್ಲಿ ಮುಚ್ಚಬಹುದು, ಮುಚ್ಚಿದ್ದಾರೆ. ಕ್ಯಾಲಿಫೋರ್ನಿಯಾದ ಕಾಂಪ್ಟನ್ ಕೂಡ 2000ದಲ್ಲಿ ತನ್ನ ಇಲಾಖೆ ಮುಚ್ಚಿ ಕೌಂಟಿಯ ಪೊಲೀಸರಿಗೆ, ಅಂದ್ರೆ ಶೆರಿಫ್‌ನವರಿಗೆ, ಗುತ್ತಿಗೆ ಕೊಟ್ಟಿತು. ಆದ್ರೆ ಈ ಎರಡು ಊರಲ್ಲೂ ಯೂನಿಫಾರ್ಮ್ ಹಾಕಿದವರು ಇಲ್ಲದ ಒಂದು ದಿನವೂ ಇರಲಿಲ್ಲ, ಯಾರ ಕೈಕೆಳಗಿನವರು ಅನ್ನೋದು ಮಾತ್ರ ಬದಲಾದ್ದು.

ಇನ್ನು ಕಾಸರಗೋಡು. ಆಗೋದಿಲ್ಲ ತಮ್ಮಾ. ಅಮೆರಿಕದಲ್ಲಿ ಒಂದೊಂದು ಊರಿಗೂ ಅದರದ್ದೇ ಪೊಲೀಸ್, ದೇಶದಲ್ಲಿ ಒಟ್ಟು 18,000ದಷ್ಟು ಬೇರೆ ಬೇರೆ ಪೊಲೀಸ್ ಸಂಸ್ಥೆಗಳು. ನಮ್ಮಲ್ಲಿ ಪೊಲೀಸ್ ರಾಜ್ಯದ್ದು, ಸಂವಿಧಾನದ 7ನೇ ಶೆಡ್ಯೂಲಿನಲ್ಲಿ ರಾಜ್ಯ ಪಟ್ಟಿಯ 2ನೇ ಐಟಂ. ಮುನಿಸಿಪಾಲಿಟಿಗಳಿಗೆ ಕೊಡಬಹುದಾದ 18 ಕೆಲಸಗಳನ್ನು 12ನೇ ಶೆಡ್ಯೂಲಿನಲ್ಲಿ ಬರೆದಿದ್ದಾರೆ, ಅದರಲ್ಲಿ ಬೀದಿ ದೀಪ ಉಂಟು, ಸ್ಮಶಾನ ಉಂಟು, ಫೈರ್ ಸರ್ವೀಸ್ ಕೂಡ ಉಂಟು, ಪೊಲೀಸ್ ಇಲ್ಲ. ನಮ್ಮ ಕೌನ್ಸಿಲರ್ ಒಬ್ಬ ಕಾನ್‌ಸ್ಟೇಬಲಿಗೂ ಆರ್ಡರ್ ಕೊಡ್ಲಿಕ್ಕೆ ಇಲ್ಲ. ಮೇಲಿಂದ ಬಂದ ಪೊಲೀಸ್ ಇದು, ಬ್ರಿಟಿಷರು 1857ರ ದಂಗೆ ನೋಡಿ ಹೆದರಿ ಮಾಡಿದ ವ್ಯವಸ್ಥೆ. ನಾವು ಆಗ ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸಿನ ಕೈಕೆಳಗೆ, ನಮಗೆ 1859ರ ಮದ್ರಾಸ್ ಡಿಸ್ಟ್ರಿಕ್ಟ್ ಪೊಲೀಸ್ ಕಾಯ್ದೆ, ದೇಶದ ಬಾಕಿ ಕಡೆಗೆ 1861ರದ್ದು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು, ಈಗ ಇರೋದು 2011ರ ಕೇರಳ ಪೊಲೀಸ್ ಕಾಯ್ದೆ. ಆಳುವವರು ಬದಲಾದ್ರೂ ಊರಿನವರಿಗೆ ಸ್ಟೇಷನಿನ ಮೇಲೆ ಹಿಡಿತ ಬರಲಿಲ್ಲ. ಡಿಬೇಟಲ್ಲಿ ನೀನು ಇದನ್ನ ಕೇಳು, ಮುಚ್ಚುವ ಮಾತು ಆಮೇಲೆ, ಅದು ಮೊದಲು ನಮ್ಮ ಕೈಯಲ್ಲಿ ಉಂಟಾ ಅಂತ. ಅಪ್ಪನಿಗೂ ಹೇಳು, ತಲೆ ಕೆಟ್ಟವರ ಮಾತಲ್ಲ ಅದು, ಎದೆ ಸುಟ್ಟವರ ಮಾತು.

ಪ್ರಶ್ನೆ: ಪೊಲೀಸರೇ ಇಲ್ಲದಿದ್ರೆ ಒಂದು ರಾತ್ರಿ ಕಳೀಬಹುದಾ ಮೇಡಂ? ಎಲ್ಲಿಯಾದ್ರೂ ನಡೆದ ಉದಾಹರಣೆ ಉಂಟಾ?
— ನಿವೃತ್ತ ಶಿಕ್ಷಕರು, ಮಂಜೇಶ್ವರ

ಉತ್ತರ: ಉಂಟು ಮಾಷ್ಟ್ರೇ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ 1969ರ ಅಕ್ಟೋಬರ್ 7ಕ್ಕೆ ಪೊಲೀಸರು ಸಂಬಳದ ವಿಷಯಕ್ಕೆ ಕೆಲಸ ಬಿಟ್ಟು ಮುಷ್ಕರ ಕೂತ್ರು. ಸುಮಾರು 16 ಗಂಟೆ. ಅಷ್ಟರಲ್ಲಿ ಬ್ಯಾಂಕ್ ದರೋಡೆಗಳಾದವು, ನೂರಕ್ಕಿಂತ ಹೆಚ್ಚು ಅಂಗಡಿ ಲೂಟಿ ಆಯ್ತು, ಒಬ್ಬ ಪೊಲೀಸ್ ಅಧಿಕಾರಿ ಸೇರಿ ಇಬ್ಬರು ಸತ್ತರು, ಸೈನ್ಯ ಕರೆಸಬೇಕಾಯ್ತು. ಮುಚ್ಚಬಾರದು ಅನ್ನುವವರು ಎಲ್ಲ ಕಡೆ ಇದನ್ನೇ ಹೇಳೋದು. ನನಗೆ ಮಾತ್ರ ಇದು ಪೂರ್ತಿ ಉತ್ತರ ಅಂತ ಅನ್ನಿಸೋದಿಲ್ಲ, ಯಾಕಂದ್ರೆ ಮಾಂಟ್ರಿಯಲ್‌ನಲ್ಲಿ ಆದದ್ದು ಬೆಳಿಗ್ಗೆ ಎದ್ದು ನೋಡುವಾಗ ಪೊಲೀಸ್ ಇಲ್ಲ, ಬದಲಿಗೆ ಬೇರೆ ಎಂತದ್ದೂ ಇಲ್ಲ ಅನ್ನುವ ಹಾಗೆ. ಮಿನ್ನಿಯಾಪೊಲಿಸಿನವರು ಕೇಳಿದ್ದು ಅದಲ್ಲ, ಕೋವಿ ಇಲ್ಲದವರು ಮಾಡಬಹುದಾದ ಕೆಲಸಕ್ಕೆ ಕೋವಿ ಇದ್ದವರನ್ನು ಎಂತಕ್ಕೆ ಕಳಿಸ್ತೀರಿ ಅಂತ. ಅದಕ್ಕೆ ಉತ್ತರ ಕೆಳಗಿನ ಎರಡು ಕಾಗದಗಳಲ್ಲಿ ಉಂಟು, ಓದಿ.

ಪ್ರಶ್ನೆ: ನಾನು ಪೊಲೀಸಲ್ಲಿ ಇದ್ದು ರಿಟೈರ್ ಆದವ. ಮೇಡಂ, ನೀವು ವಕೀಲರು ನಮ್ಮನ್ನು ಬೈಯುವುದು ಸುಲಭ. ಅಡಿಕೆ ತೋಟದ ಬೇಲಿ ಜಗಳಕ್ಕೆ ನಾವು, ಕುಡಿದು ಬಂದ ಗಂಡನಿಗೆ ನಾವು, ಮನೆ ಬಿಟ್ಟು ಹೋದ ಮಗನಿಗೆ ನಾವು, ಜಾತ್ರೆಗೆ ನಾವು, ಮಂತ್ರಿ ಬಂದ್ರೆ ಬಿಸಿಲಲ್ಲಿ ನಾವು. ಮಗಳ ಮದುವೆ ನಿಶ್ಚಯದ ದಿನವೂ ನನಗೆ ರಜೆ ಸಿಗಲಿಲ್ಲ. ಇದನ್ನೂ ಬರೀರಿ.
— ಹೆಸರು ಬೇಡ, ಬದಿಯಡ್ಕ ಕಡೆ

ಉತ್ತರ: ಬರೀತೇನೆ, ಪೂರ್ತಿ ಬರೀತೇನೆ. ನಿಮ್ಮ ಕಾಗದ ಓದಿ ನನಗೆ ನಿಜವಾಗಿ ಬೇಜಾರಾಯ್ತು, ಮಗಳ ನಿಶ್ಚಯಕ್ಕೆ ಅಪ್ಪ ಇಲ್ಲ ಅಂದ್ರೆ ಅದು ಎಂತಹ ನೌಕರಿ. ನಿದ್ದೆ ಇಲ್ಲದೆ ಮೂರನೇ ಡ್ಯೂಟಿಯಲ್ಲಿ ನಿಂತವನ ಕೈ ಬೇಗ ಎತ್ತುತ್ತದೆ ಅನ್ನೋದು ನಮಗೂ ಗೊತ್ತುಂಟು. ಎತ್ತಿದ ಕೈ ಸರಿ ಅಂತ ನಾನು ಹೇಳೋದಿಲ್ಲ, ಆದ್ರೆ ಬರೀ ಆ ಕೈಗೆ ಶಿಕ್ಷೆ ಕೊಟ್ಟು ಡ್ಯೂಟಿ ಪಟ್ಟಿ ಹಾಗೇ ಇಟ್ರೆ ನಾಳೆ ಇನ್ನೊಂದು ಕೈ ಎತ್ತುತ್ತದೆ.

ಇದನ್ನ ನಿಮ್ಮವರೇ ಒಬ್ಬರು ಕೋರ್ಟಿಗೆ ಹೇಳಿದ್ರು. ಉತ್ತರ ಪ್ರದೇಶದ ಡಿ.ಜಿ.ಪಿ. ಆಗಿದ್ದ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ್ರು, 10 ವರ್ಷ ಕಾದು 2006ರ ಸೆಪ್ಟೆಂಬರ್ 22ಕ್ಕೆ ತೀರ್ಪು ಬಂತು, 7 ನಿರ್ದೇಶನ. ತನಿಖೆ ಮಾಡುವವರು ಬೇರೆ, ಬಂದೋಬಸ್ತಿಗೆ ನಿಲ್ಲುವವರು ಬೇರೆ ಆಗಬೇಕು. ಸ್ಟೇಷನಿನ ಮುಖ್ಯಸ್ಥರನ್ನು ರಾಜಕಾರಣಿಗೆ ಸಿಟ್ಟು ಬಂತು ಅಂತ ಎತ್ತಿ ಹಾಕಬಾರದು, ಕನಿಷ್ಠ 2 ವರ್ಷ ಇರಬೇಕು. ಜನರ ದೂರು ಕೇಳ್ಲಿಕ್ಕೆ ಜಿಲ್ಲೆಗೊಂದು, ರಾಜ್ಯಕ್ಕೊಂದು ಪ್ರಾಧಿಕಾರ ಬೇಕು. ಇಷ್ಟು ವರ್ಷ ಆದ ಮೇಲೂ ಇದೆಲ್ಲ ಹೇಳಿದ ಹಾಗೆ ಪೂರ್ತಿ ಜಾರಿ ಮಾಡಿದ ರಾಜ್ಯ ಒಂದೂ ಇಲ್ಲ ಅನ್ನುವಾಗ ನನಗೆ ತಡೀಲಿಕ್ಕೆ ಆಗದಷ್ಟು ಸಿಟ್ಟು ಬರ್ತದೆ. ಜನ ‘ಮುಚ್ಚಿ’ ಅನ್ನುವಲ್ಲಿಗೆ ತಲುಪೋದು ಹೀಗೇ, ಸಣ್ಣ ಸಣ್ಣ ರಿಪೇರಿಗೆ ಯಾರೂ ಕೈ ಹಾಕದೆ ಬಿಟ್ಟು ಬಿಟ್ಟು.

ಪ್ರಶ್ನೆ: ಅಕ್ಕಾ, ನನ್ನ ಮೈದುನನಿಗೆ ಮಾನಸಿಕ ಕಾಯಿಲೆ ಉಂಟು, ಮದ್ದು ಬಿಟ್ರೆ ರಾತ್ರಿ ಎದ್ದು ಪಾತ್ರೆ ಬಿಸಾಡ್ತಾನೆ, ರಸ್ತೆಗೆ ಓಡ್ತಾನೆ. ಹೋದ ಸಲ ನೆರೆಮನೆಯವರು ಪೊಲೀಸರಿಗೆ ಫೋನ್ ಮಾಡಿದ್ರು. ಜೀಪು ನೋಡಿದ್ದೇ ಅವನು ಮತ್ತೂ ಹೆದರಿ ಗುಡ್ಡೆಗೆ ಓಡಿದ. ಪುನಃ ಹಾಗಾದ್ರೆ ಯಾರನ್ನು ಕರೆಯಬೇಕು?
— ಒಬ್ಬ ಗೃಹಿಣಿ, ಮುಳ್ಳೇರಿಯ

ಉತ್ತರ: ಅಕ್ಕಾ, ಮೊದಲು ಕಾನೂನು ಹೇಳ್ತೇನೆ, ಆಮೇಲೆ ಫೋನ್ ನಂಬರ್. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಇಂಥ ಕಾಯಿಲೆಯವರು ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಲೆಯುತ್ತಾ ಇದ್ರೆ, ಅಪಾಯದಲ್ಲಿದ್ರೆ, ಅವರನ್ನು ರಕ್ಷಣೆಗೆ ತೆಗೊಳ್ಳೋದು ಪೊಲೀಸರ ಕರ್ತವ್ಯ. ರಕ್ಷಣೆಗೆ, ಅರೆಸ್ಟಿಗೆ ಅಲ್ಲ. 24 ಗಂಟೆಯೊಳಗೆ ಹತ್ತಿರದ ಸರಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು, ಲಾಕಪ್ಪಿಗೆ ಹಾಕ್ಲಿಕ್ಕೇ ಇಲ್ಲ. ಈ ಒಂದು ಮಾತು ಹೇಳ್ಲಿಕ್ಕೆ ನಿಮಗೆ ಧೈರ್ಯ ಇರಲಿ, ‘ಲಾಕಪ್ಪಿಗೆ ಹಾಕುವ ಹಾಗಿಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋಗಿ, ನಾನೂ ಬರ್ತೇನೆ’ ಅಂತ. ಮದ್ದು ಬಿಟ್ಟ ಸೂಚನೆ ಕಂಡ ಕೂಡ್ಲೆ, ರಾತ್ರಿ ಆಗುವವರೆಗೆ ಕಾಯದೆ, 14416ಕ್ಕೆ ಮಾಡಿ. ಟೆಲಿ ಮಾನಸ್ ಅಂತ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ 24 ಗಂಟೆ ಉಂಟು. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056 ಕೂಡ ಉಂಟು. ಮೈಗೆ ಪೆಟ್ಟಾಗಿದ್ರೆ 108. ಯಾರ ಜೀವಕ್ಕಾದ್ರೂ ಅಪಾಯ ಅಂತ ಕಂಡ್ರೆ ಮಾತ್ರ 112, ಮತ್ತೆ ಫೋನಲ್ಲೇ ಹೇಳಿ ಇವ ರೋಗಿ, ಕಳ್ಳ ಅಲ್ಲ, ಜೀಪಿನ ಲೈಟು ಸೈರನ್ ಹಾಕಬೇಡಿ ಅಂತ. ಜೊತೆಗೆ ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ಈಗಲೇ, ಅವನು ಸರಿ ಇರುವಾಗಲೇ ವಿಷಯ ತಿಳಿಸಿಡಿ.

ಆದ್ರೆ ಅಕ್ಕಾ, ನೀವು ಕೇಳಿದ್ದು ರಾತ್ರಿ ಎರಡು ಗಂಟೆಗೆ ಯೂನಿಫಾರ್ಮ್ ಇಲ್ಲದೆ ಮನೆ ಬಾಗಿಲಿಗೆ ಯಾರು ಬರ್ತಾರೆ ಅಂತ. ನಮ್ಮಲ್ಲಿ ಬರುವವರಿಲ್ಲ, ಇದು ನಮ್ಮ ಕೊರತೆ. ಅಮೆರಿಕದ ಯೂಜೀನ್ ಅನ್ನುವ ಊರಲ್ಲಿ 1989ರಿಂದ ಒಂದು ವ್ಯವಸ್ಥೆ ಇತ್ತು, ಇಂಥ ಕರೆ ಬಂದ್ರೆ ಪೊಲೀಸ್ ಬದಲು ಒಬ್ಬ ನರ್ಸೋ ತುರ್ತು ಚಿಕಿತ್ಸೆ ಗೊತ್ತಿದ್ದವರೋ, ಜೊತೆಗೆ ಮಾತಾಡಿ ಸಮಾಧಾನ ಮಾಡ್ಲಿಕ್ಕೆ ತರಬೇತಿ ಇದ್ದ ಒಬ್ಬರು ವ್ಯಾನಿನಲ್ಲಿ ಹೋಗೋದು, ಕೈಯಲ್ಲಿ ಆಯುಧ ಇಲ್ಲ. ಹತ್ತಿರ ಹತ್ತಿರ 36 ವರ್ಷ ನಡೆದು ದುಡ್ಡಿನ ತೊಂದರೆಯಿಂದ 2025ರಲ್ಲಿ ಆ ಊರಲ್ಲಿ ನಿಂತುಹೋಯ್ತು. ಮಿನ್ನಿಯಾಪೊಲಿಸಿನಲ್ಲೂ ವೋಟು ಸೋತ ಮರು ತಿಂಗಳೇ, 2021ರ ಡಿಸೆಂಬರಿನಲ್ಲಿ, ಇಂಥದ್ದೇ ವ್ಯಾನು ಸುರು ಮಾಡಿದ್ರು. ಇಲಾಖೆ ಮುಚ್ಚಲಿಲ್ಲ, ಅದರ ಕೈಯಿಂದ ಒಂದು ಕೆಲಸ ತೆಗೆದ್ರು. ನಿಮ್ಮ ಮೈದುನನಿಗೆ ಬೇಕಾದ್ದು ಅದೇ, ಬದಿಯಡ್ಕದ ಆ ರಿಟೈರ್ ಆದ ಅಣ್ಣನಿಗೆ ಬೇಕಿದ್ದದ್ದೂ ಅದೇ. ನಿಮ್ಮ ಗ್ರಾಮಸಭೆಯಲ್ಲಿ ಇದನ್ನ ಎತ್ತಿ. ಊರೂರಿಗೆ ಪಾಲಿಯೇಟಿವ್ ಕೇರ್ ಕಟ್ಟಿದ ರಾಜ್ಯ ನಮ್ಮದು, ಹಾಸಿಗೆ ಹಿಡಿದವರ ಮನೆಗೆ ನರ್ಸ್ ಹೋಗ್ತಾರೆ, ಹಾಗಿರುವಾಗ ಇದೂ ಆಗದ ಕೆಲಸ ಅಲ್ಲ.

ಪ್ರಶ್ನೆ: ತಲಪಾಡಿಯಲ್ಲಿ ನನ್ನ ಬೈಕ್ ಕಳವಾಯ್ತು. ಅಲ್ಲಿಯ ಪೊಲೀಸರು ಅದು ಕೇರಳಕ್ಕೆ ಸೇರಿದ ಜಾಗ ಅಂತಾರೆ, ಇಲ್ಲಿಯವರು ಕರ್ನಾಟಕದ್ದು ಅಂತಾರೆ.
— ಒಬ್ಬ ವ್ಯಾಪಾರಿ, ಮಂಜೇಶ್ವರ

ಉತ್ತರ: ದೂರು ಎಲ್ಲಿ ಕೊಟ್ರೂ ತೆಗೊಳ್ಳಲೇಬೇಕು. 2024ರ ಜುಲೈ 1ರಿಂದ ಹಳೆಯ ಸಿ.ಆರ್.ಪಿ.ಸಿ. ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದ್ರೆ ಬಿ.ಎನ್.ಎಸ್.ಎಸ್., ಅದರ 173ನೇ ಸೆಕ್ಷನಿನಲ್ಲಿ ಸ್ಪಷ್ಟ ಉಂಟು, ಯಾವ ಏರಿಯಾದಲ್ಲಿ ನಡೆದರೂ ದೂರು ದಾಖಲಿಸಬೇಕು, ಇದನ್ನೇ ಝೀರೋ ಎಫ್.ಐ.ಆರ್. ಅನ್ನೋದು, ಅವರೇ ಆಮೇಲೆ ಸರಿಯಾದ ಸ್ಟೇಷನಿಗೆ ಕಳಿಸಬೇಕು. ಇನ್ನೊಮ್ಮೆ ಹೋಗುವಾಗ ಬರೆದ ದೂರು ಎರಡು ಕಾಪಿ ಇರಲಿ. ಗಡಿಯಲ್ಲಿ ಇರುವವರ ಪಾಡು ಹೀಗೇ, 2020ರ ಲಾಕ್‌ಡೌನ್‌ನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ರಾಶಿ ಹಾಕಿ ಮಂಗಳೂರಿಗೆ ಹೋಗುವ ರೋಗಿಗಳನ್ನು ತಡೆದದ್ದನ್ನ ನಾವ್ಯಾರೂ ಮರೀಲಿಕ್ಕಿಲ್ಲ.

ಪ್ರಶ್ನೆ: ನಾನು ಕನ್ನಡ ಮೀಡಿಯಂ ಓದಿದವಳು, ಮಲಯಾಳಂ ಮಾತಾಡಿದ್ರೆ ಅರ್ಥ ಆಗ್ತದೆ, ಓದ್ಲಿಕ್ಕೆ ಬರೋದಿಲ್ಲ. ಸ್ಟೇಷನಲ್ಲಿ ನಾನು ಹೇಳಿದ್ದನ್ನ ಮಲಯಾಳಂನಲ್ಲಿ ಬರೆದು ಸಹಿ ಹಾಕು ಅಂದ್ರು. ಹಾಕಿದೆ. ಈಗ ಹೆದರಿಕೆ ಆಗ್ತಾ ಉಂಟು, ಅದರಲ್ಲಿ ಎಂತ ಬರೆದಿದ್ದಾರೋ.
— ಒಬ್ಬಳು ತಂಗಿ, ಪೆರ್ಲ

ಉತ್ತರ: ತಂಗಿ, ಈ ಸಲ ಬಂದ ಕಾಗದಗಳಲ್ಲಿ ನನ್ನನ್ನ ರಾತ್ರಿ ನಿದ್ದೆ ಮಾಡದ ಹಾಗೆ ಮಾಡಿದ್ದು ನಿನ್ನದು.

ನಾನು ಜೂನಿಯರ್ ಆಗಿದ್ದಾಗಿನ ಒಂದು ಕೇಸು ಹೇಳ್ತೇನೆ. ಬೀಡಿ ಕಟ್ಟುವ ಒಬ್ಬ ಹೆಂಗಸು, ತುಳು ಮನೆಮಾತು, ಶಾಲೆ ಕನ್ನಡದಲ್ಲಿ ಐದನೇ ಕ್ಲಾಸ್. ಹಿತ್ತಿಲಲ್ಲಿ ಒಬ್ಬ ಕೈ ಹಿಡಿದು ಎಳೆದ, ಸೀರೆ ಹರಿಯಿತು. ಸ್ಟೇಷನಲ್ಲಿ ಆಕೆ ಪೂರ್ತಿ ಹೇಳಿದ್ದಾಳೆ, ಅಳ್ತಾ ಹೇಳಿದ್ದಾಳೆ. ರೈಟರ್, ಅಂದ್ರೆ ಸ್ಟೇಷನಲ್ಲಿ ಬರೆದುಕೊಳ್ಳುವ ಪೊಲೀಸ್, ಬರೆದದ್ದು ಮಲಯಾಳಂನಲ್ಲಿ ನಾಲ್ಕು ಸಾಲು, ಜಾಗದ ವಿಷಯಕ್ಕೆ ಮಾತಿಗೆ ಮಾತು ಬೆಳೆದು ತಳ್ಳಾಟ ಆಯ್ತು ಅಂತ. ಬೇಕೆಂದೇ ಬರೆದರೋ, ಭಾಷೆ ಅರ್ಥ ಆಗದೆ ಬರೆದರೋ, ಇವತ್ತಿಗೂ ನನಗೆ ಹೇಳ್ಲಿಕ್ಕೆ ಆಗೋದಿಲ್ಲ. ಕೆಳಗೆ ಅವಳ ಸಹಿ, ಕನ್ನಡದಲ್ಲಿ, ದುಂಡಗೆ. ಮೂರು ವರ್ಷದ ನಂತರ ಕಟಕಟೆಯಲ್ಲಿ ಆಕೆ ನಡೆದದ್ದು ಹೇಳುವಾಗ ಎದುರಿನ ವಕೀಲರು ಆ ಕಾಗದ ಎತ್ತಿ ಹಿಡಿದು ಇದು ನಿನ್ನದೇ ಸಹಿ ಅಲ್ವಾ, ಇದರಲ್ಲಿ ಕೈ ಹಿಡಿದದ್ದು ಎಲ್ಲುಂಟು ಅಂತ ಕೇಳಿದ್ರು. ಆಕೆ ನನ್ನ ಮುಖ ನೋಡಿದಳು. ಆ ನೋಟ ನನಗೆ ಈಗಲೂ ಹೋಗೋದಿಲ್ಲ. ಕೇಸು ಬಿದ್ದು ಹೋಯ್ತು.

ಮಿನ್ನಿಯಾಪೊಲಿಸಿನ ಆ ಮೊದಲ ಹೇಳಿಕೆ ಓದಿದಾಗ ನನಗೆ ಈ ನಾಲ್ಕು ಸಾಲೇ ನೆನಪಾದದ್ದು. ನಡೆದದ್ದು ಒಂದು, ಬರೆದದ್ದು ಒಂದು, ಬರೆಯುವ ಪೆನ್ನು ಯಾವಾಗಲೂ ಮೇಜಿನ ಆಚೆ ಬದಿಯಲ್ಲಿ. ಅಲ್ಲಿ ಒಂದು ಹುಡುಗಿಯ ಹತ್ರ ಮೊಬೈಲ್ ಇತ್ತು. ಹಿತ್ತಿಲಲ್ಲಿ ಯಾರ ಹತ್ರ ಮೊಬೈಲ್ ಇರ್ತದೆ? ಹಾಗಾಗಿ ಇಲಾಖೆ ಮುಚ್ಚಬೇಕಾ ಬೇಡವಾ ಅಂತ ನನ್ನ ಹತ್ರ ಯಾರು ಕೇಳಿದ್ರೂ ನಾನು ಹೇಳೋದು ಇದೇ, ಬೋರ್ಡ್ ಯಾವುದಾದ್ರೂ ಇರ್ಲಿ, ಪೊಲೀಸ್ ಅನ್ನಿ, ಸುರಕ್ಷತಾ ಇಲಾಖೆ ಅನ್ನಿ, ನನ್ನ ವಿಷಯದಲ್ಲಿ ಬರೆದ ಕಾಗದ ನನಗೆ ಓದ್ಲಿಕ್ಕೆ ಆಗಬೇಕು, ಸುಳ್ಳು ಬರೆದವ ಇನ್ನೊಬ್ಬರ ಎದುರು ನಿಂತು ಉತ್ತರ ಕೊಡಬೇಕು. ಕಾಸರಗೋಡಿನ ಕನ್ನಡದವರಿಗೆ ಬಾಕಿ ಎಲ್ಲ ಸುಧಾರಣೆಗಿಂತ ಮೊದಲು ಬೇಕಾದ್ದು ಇದು.

ಈಗ ನೀನು ಮಾಡಬೇಕಾದ್ದು. ಎಫ್.ಐ.ಆರ್. ಕಾಪಿ ದುಡ್ಡು ಕೊಡದೆ ಪಡೆಯುವ ಹಕ್ಕು ನಿನಗೆ ಉಂಟು, ನಾಳೆಯೇ ಹೋಗಿ ಕೇಳು. ಮಲಯಾಳಂ ಓದ್ಲಿಕ್ಕೆ ಬರುವ ನಂಬಿಕೆಯವರಿಂದ ಒಂದೊಂದು ಸಾಲೂ ಓದಿಸಿ ಕನ್ನಡದಲ್ಲಿ ಬರೆದುಕೋ. ನೀನು ಹೇಳಿದ್ದು ಬಿಟ್ಟು ಹೋಗಿದ್ರೆ, ತಪ್ಪಾಗಿದ್ರೆ, ತಡ ಮಾಡದೆ ಕನ್ನಡದಲ್ಲೇ ಒಂದು ಕಾಗದ ಬರೆ, ನಾನು ಇಂಥ ದಿನ ಹೇಳಿದ್ದು ಇದು, ಬರೆದದ್ದು ಓದಿ ಹೇಳಲಿಲ್ಲ ಅಂತ. ಸ್ಟೇಷನಿಗೆ ಒಂದು, ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಒಂದು, ರಿಜಿಸ್ಟರ್ಡ್ ಪೋಸ್ಟಲ್ಲಿ ಹಾಕು, ರಸೀದಿ ಇಟ್ಟುಕೋ. ಯಾಕಂದ್ರೆ ದಿನ ಕಳೆದಷ್ಟೂ ಕೋರ್ಟಲ್ಲಿ ‘ಆಮೇಲೆ ಕಟ್ಟಿದ ಕಥೆ’ ಅನ್ನುವ ಮಾತು ಬರ್ತದೆ. ಇನ್ನೊಂದು ತುಂಬಾ ಜನರಿಗೆ ಗೊತ್ತಿಲ್ಲ, ತನಿಖೆ ನಡೀವಾಗ ಸಾಕ್ಷಿಗಳಿಂದ ಪೊಲೀಸರು ತೆಗೊಳ್ಳುವ ಹೇಳಿಕೆಗೆ ಸಹಿ ಹಾಕ್ಲಿಕ್ಕೇ ಇಲ್ಲ, ಕಾನೂನೇ ಬೇಡ ಅಂತದೆ. ಸಹಿ ಬೇಕಾದ್ದು ಮೊದಲ ದೂರಿಗೆ, ಅದನ್ನೂ ಓದಿ ಹೇಳಿಯೇ ಹಾಕಿಸಬೇಕು. ಹೇಳಿಕೆ ತೆಗೊಳ್ಳಲಿಕ್ಕೆ ಹೆಂಗಸರನ್ನು ಸ್ಟೇಷನಿಗೆ ಬಾ ಅಂತ ಒತ್ತಾಯ ಮಾಡ್ಲಿಕ್ಕೂ ಇಲ್ಲ, ಅವರೇ ಮನೆಗೆ ಬರಬೇಕು.

ಕನ್ನಡದಲ್ಲಿ ಬರೆದ್ರೆ ತೆಗೊಳ್ತಾರಾ ಅಂತ ಕೇಳಬೇಡ. ಸಂವಿಧಾನದ 350ನೇ ವಿಧಿ ಹೇಳೋದು, ಕಷ್ಟ ಹೇಳಿಕೊಳ್ಳಲಿಕ್ಕೆ ಯಾವ ಅಧಿಕಾರಿಗೆ ಬೇಕಾದ್ರೂ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅರ್ಜಿ ಕೊಡಬಹುದು ಅಂತ. ಅದರ ಮೇಲೆ 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಆಫೀಸುಗಳಿಗೆ ತಮ್ಮ ಭಾಷೆಯಲ್ಲೇ ಬರೀಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಉಂಟು. ಅರೆಸ್ಟ್ ಆದವರಿಗೆ ಕಾರಣವನ್ನ ಅವರಿಗೆ ಅರ್ಥ ಆಗುವ ಭಾಷೆಯಲ್ಲಿ ಬರೆದು ಕೊಡಬೇಕು ಅಂತ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ದೂರನ್ನೇ ತೆಗೊಳ್ಳದಿದ್ರೆ, ಕೆಟ್ಟದಾಗಿ ನಡೆದುಕೊಂಡ್ರೆ, ಪೊಲೀಸ್ ದೂರು ಪ್ರಾಧಿಕಾರ ಉಂಟು, 2011ರ ಕಾಯ್ದೆಯ 110ನೇ ಸೆಕ್ಷನ್. ಡಿ.ವೈ.ಎಸ್.ಪಿ.ವರೆಗಿನವರ ಮೇಲಿನ ದೂರಿಗೆ ಜಿಲ್ಲಾ ಮಟ್ಟದ್ದು, ಅದಕ್ಕಿಂತ ದೊಡ್ಡವರಾದ್ರೆ ರಾಜ್ಯದ್ದು. ಸ್ಟೇಷನಿನ ಸಿ.ಸಿ. ಟಿ.ವಿ.ಯನ್ನೂ ಮರೀಬೇಡ, 2020ರ ಡಿಸೆಂಬರಿನ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ ಎಲ್ಲ ಸ್ಟೇಷನಲ್ಲೂ ಇರಬೇಕು, ಮಾತು ಕೂಡ ರೆಕಾರ್ಡ್ ಆಗಬೇಕು. ನೀನು ಎಂತ ಹೇಳಿದ್ದೆ ಅಂತ ಅದರಲ್ಲಿ ಇರಬಹುದು, ಕಾಗದದಲ್ಲಿ ಅದನ್ನ ಉಳಿಸಿಡಿ ಅಂತ ಒಂದು ಸಾಲು ಸೇರಿಸು. ವಕೀಲರಿಗೆ ದುಡ್ಡಿಲ್ಲ ಅಂತ ಕೂರಬೇಡ, ಹೆಂಗಸರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಉಂಟು, 15100ಕ್ಕೆ ಮಾಡು, ಇಲ್ಲದಿದ್ರೆ ವಿದ್ಯಾನಗರದ ಕೋರ್ಟಿನ ಹತ್ರ ಕಾನೂನು ಸೇವಾ ಪ್ರಾಧಿಕಾರಕ್ಕೆ ಸೀದಾ ಬಾ.

ಪ್ರಶ್ನೆ: ಮಗಳು ಪಿ.ಎಸ್.ಸಿ. ಬರೆದು ಪೊಲೀಸ್ ಆಗ್ತೇನೆ ಅಂತಾಳೆ. ಇಂಥದ್ದೆಲ್ಲ ಕೇಳಿದ ಮೇಲೆ ಕಳಿಸ್ಲಿಕ್ಕೆ ಮನಸ್ಸಿಲ್ಲ. ಒಳ್ಳೆಯವಳು ಅಲ್ಲಿ ಹೋಗಿ ಹಾಳಾದ್ರೆ?
— ಒಬ್ಬ ತಾಯಿ, ನೀರ್ಚಾಲು

ಉತ್ತರ: ಕಳಿಸಿ ಅಮ್ಮಾ. ನಿಮ್ಮ ಹೆದರಿಕೆ ಸುಳ್ಳಲ್ಲ, ಅದಕ್ಕೆ ಒಂದು ನಡೆದದ್ದನ್ನ ಹೇಳ್ತೇನೆ. ಫ್ಲಾಯ್ಡ್ ಸತ್ತ ಮರು ತಿಂಗಳು, 2020ರ ಜೂನ್, ತಮಿಳುನಾಡಿನ ಸಾತಾನ್‌ಕುಳಂನಲ್ಲಿ ಲಾಕ್‌ಡೌನ್ ಸಮಯ ಮೀರಿ ಮೊಬೈಲ್ ಅಂಗಡಿ ತೆರೆದಿಟ್ಟ ಆರೋಪದಲ್ಲಿ ಒಬ್ಬ ತಂದೆಯನ್ನೂ ಮಗನನ್ನೂ ಸ್ಟೇಷನಿಗೆ ಒಯ್ದು ಹೊಡೆದ್ರು, ಇಬ್ಬರೂ ಉಳೀಲಿಲ್ಲ. ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಸಾಕ್ಷ್ಯ ಹಾಳಾಗಬಾರದು ಅಂತ ಆ ಸ್ಟೇಷನನ್ನೇ ಪೊಲೀಸರ ಕೈಯಿಂದ ತೆಗೆದು ಕಂದಾಯ ಇಲಾಖೆಯವರ ಕೈಗೆ ಕೊಡಿಸಿತು. ನಮ್ಮ ದೇಶದಲ್ಲಿ ‘ಪೊಲೀಸನ್ನು ತೆಗೆಯಿರಿ’ ಅನ್ನೋದು ಒಂದು ಸ್ಟೇಷನಿನ ಮಟ್ಟಿಗೆ, ಸ್ವಲ್ಪ ದಿನಕ್ಕೆ, ಆದದ್ದು ಅದು. ಆದ್ರೆ ಒಳಗೆ ರಾತ್ರಿಯಿಡೀ ಎಂತ ನಡೀತು ಅಂತ ಮ್ಯಾಜಿಸ್ಟ್ರೇಟರ ಎದುರು ಹೇಳಿದ್ದು ಯಾರು ಗೊತ್ತಾ, ಅದೇ ಸ್ಟೇಷನಿನ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್. ಸಹೋದ್ಯೋಗಿಗಳು ಹೊರಗೆ ಬೆದರಿಸ್ತಾ ಇರುವಾಗ ಆಕೆ ಹೇಳಿದ್ದು. ಆಕೆ ಆ ರಾತ್ರಿ ಆ ಸ್ಟೇಷನಲ್ಲಿ ಇಲ್ಲದೇ ಹೋಗಿದ್ರೆ?

ಕನ್ನಡ, ತುಳು, ಮಲಯಾಳಂ ಮೂರೂ ಬರುವ ಹುಡುಗಿ ಒಬ್ಬಳು ನಮ್ಮ ಸ್ಟೇಷನಿನ ರೈಟರ್ ಮೇಜಿನಲ್ಲಿ ಕೂತರೆ ಎಷ್ಟು ಸಹಿಗಳು ಓದಿ ತಿಳಿದು ಬೀಳ್ತವೆ ಅಂತ ನಾನು ಲೆಕ್ಕ ಹಾಕ್ತಾ ಇದ್ದೇನೆ. ಬೆಳಿಗ್ಗೆ ಓಡುವ ಅಭ್ಯಾಸ ಈಗಲೇ ಸುರು ಮಾಡಲಿ, ಮಳೆಗಾಲ ಅಂತ ಬಿಡೋದು ಬೇಡ. ಪೋಸ್ಟಿಂಗ್ ಆದ ದಿನ ನನಗೊಂದು ಕಾರ್ಡ್ ಹಾಕ್ಲಿ, ಯಾವ ಸ್ಟೇಷನ್ ಅಂತ. ಪೆರ್ಲದ ಆ ತಂಗಿಗೆ ತಿಳಿಸ್ಲಿಕ್ಕುಂಟು.